ಹತ್ತು ಗುಂಟೆ, ನಲವತ್ತು ಮನೆ, ವಾರಕ್ಕೆರಡು ಸಲ ಸೊಪ್ಪು

ಬೆಂಗಳೂರಿನ ಬಡಾವಣೆಯೊಂದರಲ್ಲಿ ನಲವತ್ತು ಮನೆಗೆ ಬುಧವಾರ ಮತ್ತು ಶನಿವಾರ ಬೆಳಿಗ್ಗೆ ಸೊಪ್ಪು ಮುಟ್ಟಿಸಬೇಕೆಂದರೆ, ಆ ಎರಡೂ ದಿನ ಒಂದೊಂದು ಮಡಿ ಹರಿವೆ ಬಿತ್ತನೆ ತಪ್ಪದೆ ಆಗಬೇಕು. ಈ ಲೆಕ್ಕ ಕೈಗೆ ಹತ್ತಿದರೆ ಉಳಿದ ಕೆಲಸಕ್ಕೂ ಅದೇ ದಾರಿ ತೋರಿಸುತ್ತದೆ. ಊರೊಳಗೆ ತೋಟ ಶುರುಮಾಡುವವರು ಹೆಚ್ಚಾಗಿ ಮಣ್ಣಿನಿಂದ ಹೊರಟು ಬುಟ್ಟಿಗೆ ಬರುತ್ತಾರೆ. ಮೊದಲು ಬೆಳೆಯೋಣ, ಮಾರುವುದು ಆಮೇಲೆ ಎಂದುಕೊಳ್ಳುತ್ತಾರೆ. ಆಗ ಒಂದು ವಾರ ಮೂಟೆಗಟ್ಟಲೆ ಸೊಪ್ಪು ಬಂದು, ಮುಂದಿನ ಮೂರು ವಾರ ಮಡಿಗಳು ಖಾಲಿ ಬೀಳುತ್ತವೆ. ಎರಡು ಸಲ ಬರಿಗೈಲಿ ಬಂದ ಗಾಡಿಯನ್ನು ಮೂರನೇ ಸಲ ಯಾರೂ ಕಾಯುವುದಿಲ್ಲ. ಆದ್ದರಿಂದ ನಾವು ಬುಟ್ಟಿಯಿಂದ ಹಿಂದಕ್ಕೆ ಎಣಿಸುತ್ತೇವೆ.

ಹತ್ತು ಗುಂಟೆ ಅಂದರೆ 10,890 ಚದರಡಿ, ಸುಮಾರು 1,010 ಚದರ ಮೀಟರ್. ಗೊಬ್ಬರದ ಗುಡ್ಡೆ, ನೀರಿನ ಟ್ಯಾಂಕು, ಸಸಿಮಡಿ, ತೊಳೆಯುವ ಕಟ್ಟೆ, ಗಾಡಿ ತಿರುಗುವ ಜಾಗ ಇವಕ್ಕೆ ಕಾಲು ಭಾಗ ಹೋಗುತ್ತದೆ. ಉಳಿದದ್ದರಲ್ಲಿ 8 ಮೀಟರ್ ಉದ್ದ, 1.2 ಮೀಟರ್ ಅಗಲದ 48 ಮಡಿಗಳು ಹಿಡಿಯುತ್ತವೆ. ನಡುವೆ 45 ಸೆಂ.ಮೀ. ಕಾಲುದಾರಿ. ಅಗಲ 1.2 ಮೀಟರಿಗಿಂತ ಹೆಚ್ಚಾಗಬಾರದು. ಎರಡೂ ಬದಿಯಿಂದ ಕೈ ಚಾಚಿದರೆ ನಡು ಸಿಗಬೇಕು, ಮಡಿಯ ಮೇಲೆ ಕಾಲಿಟ್ಟರೆ ಆ ಜಾಗದಲ್ಲಿ ಮೆಂತ್ಯ ಹುಟ್ಟುವುದೇ ಇಲ್ಲ. ಎಲ್ಲ ಮಡಿಯೂ ಒಂದೇ ಅಳತೆಯಲ್ಲಿರಬೇಕು ಎಂದು ಹಟ ಹಿಡಿಯಿರಿ. ಬೀಜ, ಗೊಬ್ಬರ, ಬಲೆ, ಡ್ರಿಪ್ ಪೈಪು ಎಲ್ಲದರ ಅಳತೆಯೂ ಆಗ ಒಂದೇ ಆಗುತ್ತದೆ, ಯಾರು ಬಂದು ಕೈಹಾಕಿದರೂ ಗೊಂದಲವಿಲ್ಲ.

ಇಂಥ ಒಂದು ಮಡಿಯ ಹರಿವೆ ಚೆನ್ನಾಗಿ ಬಂದರೆ 10 ಕೆ.ಜಿ. ತೂಗುತ್ತದೆ. ಕಾಲು ಕೆ.ಜಿ. ಕಟ್ಟಿನಂತೆ ನಲವತ್ತು ಕಟ್ಟು. ಒಂದು ಮಡಿಗೆ ಒಂದು ಹಂಚಿಕೆ. ಬಿತ್ತಿದ 28 ದಿನಕ್ಕೆ ಬೇರು ಸಮೇತ ಕೀಳಬಹುದು. 28 ದಿನದಲ್ಲಿ ಎಂಟು ಹಂಚಿಕೆ ಬರುತ್ತವೆ. ಕಿತ್ತ ಮಡಿಗೆ ಮುಂದಿನ ಬಿತ್ತನೆಯವರೆಗೆ ಮೂರು ನಾಲ್ಕು ದಿನ ಬಿಡುವು ಬೇಕು. ಹಾಗಾಗಿ ಹರಿವೆಗೆ ಒಂಬತ್ತು ಮಡಿ. ಮೆಂತ್ಯ ವಾರಕ್ಕೊಮ್ಮೆ ಸಾಕು, 24 ದಿನದ ಬೆಳೆ, ಐದು ಮಡಿ. ಕೊತ್ತಂಬರಿ ಪ್ರತಿ ಹಂಚಿಕೆಗೂ ಬೇಕು, ಆದರೆ ಮನೆಗೆ ಒಂದು ಹಿಡಿ. ಅರ್ಧ ಮಡಿ ಸಾಲುತ್ತದೆ. ಅದು ನಲವತ್ತೆರಡು ದಿನ ತೆಗೆದುಕೊಳ್ಳುವುದರಿಂದ ಏಳು ಮಡಿ ನುಂಗುತ್ತದೆ. ಪಾಲಕ್ ಐದು, ಸಬ್ಬಸಿಗೆ ಮೂರು. ಇಲ್ಲಿಗೆ 29. ಉಳಿದ 19 ಮಡಿಯಲ್ಲಿ ಬೆಂಡೆ ನಾಲ್ಕು, ಟೊಮೆಟೊ ನಾಲ್ಕು, ಬದನೆ, ಹುರುಳಿಕಾಯಿ, ಮೂಲಂಗಿ ಮೂರು ಮೂರು, ಇನ್ನೆರಡು ಮಡಿ ಹಸಿರೆಲೆ ಗೊಬ್ಬರಕ್ಕೆ. ಬೇಲಿಯುದ್ದಕ್ಕೂ ಬಸಳೆ, ಚಕ್ರಮುನಿ, ನುಗ್ಗೆ. ಟ್ಯಾಂಕಿನ ಸೋರು ನೀರು ನಿಲ್ಲುವಲ್ಲಿ ಒಂದೆಲಗ, ಹೊನಗೊನೆ. ಬೇಲಿಯ ಸೊಪ್ಪುಗಳಿಗೆ ಲೆಕ್ಕವಿಲ್ಲ. ಮಡಿಯಲ್ಲಿ ಏನಾದರೂ ಕೈಕೊಟ್ಟ ದಿನ ಬುಟ್ಟಿ ತುಂಬಿಸುವುದು ಅವೇ. ಬೆರಕೆ ಸೊಪ್ಪು ಎಂದು ಕಟ್ಟಿ ಕೊಟ್ಟರೆ ಮಸ್ಸೊಪ್ಪಿಗೆ, ಬಸ್ಸಾರಿಗೆ ಅದಕ್ಕಿಂತ ಒಳ್ಳೆಯದು ಇಲ್ಲ.

ಜಾಗ ಹುಡುಕುವಾಗ ಎಲ್ಲರೂ ನೀರು ಕೇಳುತ್ತಾರೆ, ನೆರಳು ಕೇಳುವುದಿಲ್ಲ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನವೂ ಸೂರ್ಯ ದಕ್ಷಿಣಕ್ಕೆ ವಾಲಿ, ದಿಗಂತದಿಂದ 53 ಡಿಗ್ರಿಯಷ್ಟು ಮಾತ್ರ ಮೇಲಿರುತ್ತಾನೆ. ಸೈಟಿನ ದಕ್ಷಿಣಕ್ಕೆ 13 ಮೀಟರ್ ಎತ್ತರದ ನಾಲ್ಕಂತಸ್ತಿನ ಕಟ್ಟಡ ಇದ್ದರೆ ಅದರ ನೆರಳು ಮಧ್ಯಾಹ್ನ ಹನ್ನೆರಡಕ್ಕೂ 9–10 ಮೀಟರ್ ಒಳಗೆ ಬಿದ್ದಿರುತ್ತದೆ. ಮೇ ತಿಂಗಳಲ್ಲಿ ಹೋಗಿ ನೋಡಿದರೆ ಅದೇ ಜಾಗದಲ್ಲಿ ಬೆಂಕಿಯಂಥ ಬಿಸಿಲು. ಬೇಸಿಗೆಯಲ್ಲಿ ಜಾಗ ನೋಡಿ ಒಪ್ಪಿ, ಚಳಿಗಾಲದಲ್ಲಿ ದಕ್ಷಿಣದ ಮೊದಲ ಐದಾರು ಮಡಿಯ ಸೊಪ್ಪು ಕಡ್ಡಿಯಂತೆ ಎಳೆದುಕೊಂಡು ಬೆಳೆಯುವುದನ್ನು ನೋಡಬೇಕಾಗುತ್ತದೆ. ಸೊಪ್ಪಿಗೆ ನಾಲ್ಕೈದು ಗಂಟೆ ನೇರ ಬಿಸಿಲು ಸಾಕು, ಟೊಮೆಟೊ ಬೆಂಡೆಗೆ ಆರು ಗಂಟೆಗೆ ಕಡಿಮೆಯಾಗಬಾರದು. ನೆರಳಿನ ಕಡೆಗೆ ಗೊಬ್ಬರ ಮತ್ತು ತೊಳೆಯುವ ಕಟ್ಟೆ, ಬಿಸಿಲಿನ ಕಡೆಗೆ ಕಾಯಿಪಲ್ಲೆ; ಹೀಗೆ ಮೊದಲೇ ಹಂಚಿಕೊಳ್ಳಬೇಕು.

ಖಾಲಿ ಸೈಟಿನ ಮಾಲೀಕರು ಯಾವಾಗ ಬೇಕಾದರೂ ಮನೆ ಕಟ್ಟಲು ಹೊರಡಬಹುದು. ಕರಾರಿನಲ್ಲಿ ಕನಿಷ್ಠ 90 ದಿನದ ಮುನ್ಸೂಚನೆ ಬರೆಸಿಕೊಳ್ಳುವುದು ಅಗತ್ಯ. ನಿಂತ ಬದನೆ, ಟೊಮೆಟೊ ಕೊಯ್ದು ಮುಗಿಸಲು, ಮುಂಗಡ ಕೊಟ್ಟ ಮನೆಗಳ ಲೆಕ್ಕ ತೀರಿಸಲು ಅಷ್ಟು ದಿನ ಬೇಕು. ಇದೇ ಕಾರಣಕ್ಕೆ ಇಟ್ಟಿಗೆ, ಸಿಮೆಂಟು ಏನನ್ನೂ ಹಾಕುವುದಿಲ್ಲ. ಮಡಿಗೆ ಅಂಚುಕಟ್ಟು ಇಲ್ಲ, ಚಪ್ಪರದ ಜಿ.ಐ. ಪೈಪುಗಳಿಗೆ ಬೆಸುಗೆ ಇಲ್ಲ, ಬೋಲ್ಟು ಮಾತ್ರ.

ಈಗ ಮಣ್ಣು. ಬೆಂಗಳೂರಿನ ಸಹಜ ಕೆಂಪುಮಣ್ಣು ತುಸು ಹುಳಿಗುಣದ್ದು. ಆದರೆ ಹತ್ತು ವರ್ಷ ಖಾಲಿ ಬಿದ್ದ ಸೈಟಿನ ಮೇಲಿನ ಒಂದಡಿಯಲ್ಲಿ ಅದು ಇರುವುದಿಲ್ಲ. ಅಕ್ಕಪಕ್ಕದ ಮನೆ ಕಟ್ಟಿದ ಗಾರೆ, ಸುಣ್ಣ, ಟೈಲ್ಸ್ ಚೂರು, ಬಣ್ಣದ ಡಬ್ಬ ಇರುತ್ತವೆ. ಒಂದು ಹಿಡಿ ಮಣ್ಣಿಗೆ ವಿನೆಗರ್ ಹಾಕಿ ನೋಡಿ. ನೊರೆಯೆದ್ದು ಚುಸ್ ಎಂದರೆ ಸುಣ್ಣ ಸೇರಿದೆ ಎಂದೇ ಅರ್ಥ. ಪಿ.ಎಚ್. 8 ದಾಟಿದ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಗೊಬ್ಬರ ಸಾಲದೆಂದು ಸುರಿಯುತ್ತಾ ಹೋದರೆ ದುಡ್ಡು ದಂಡ. ಐದು ಕಡೆ ಒಂದಡಿ ಆಳದ ಗುಂಡಿ ತೋಡಿ, ಬೆರೆಸಿದ ಅರ್ಧ ಕೆ.ಜಿ. ಮಣ್ಣನ್ನು ಪರೀಕ್ಷೆಗೆ ಕೊಡಬೇಕು. ಹಳೆ ಗ್ಯಾರೇಜು, ಬ್ಯಾಟರಿ ಅಂಗಡಿ, ಬಣ್ಣದ ಗೋದಾಮು ಇದ್ದ ಜಾಗವಾದರೆ ಸೀಸದ ಪರೀಕ್ಷೆಯನ್ನೂ ಮಾಡಿಸಿ. ಅಲ್ಲಿ ಸೀಸ ಕಂಡರೆ ನಮ್ಮ ಸಲಹೆ ಒಂದೇ: ಬೇರೆ ಜಾಗ ನೋಡಿ. ಮೇಲೆ ಮಣ್ಣು ಹಾಕಿ ಬೆಳೆಯಬಹುದೆನ್ನುವವರಿದ್ದಾರೆ. ಮಕ್ಕಳು ತಿನ್ನುವ ಸೊಪ್ಪಿಗೆ ಆ ಸಾಹಸ ಬೇಡ.

ಗಾರೆಯ ಮಣ್ಣಾದರೆ ದೊಡ್ಡ ಚೂರುಗಳನ್ನು ಆರಿಸಿ, ಅರ್ಧ ಇಂಚಿನ ಜರಡಿ ಹಿಡಿದು, ಅದರ ಮೇಲೆ 15 ಸೆಂ.ಮೀ. ಹೊಸ ಮಣ್ಣು ಏರಿಸುತ್ತೇವೆ. 48 ಮಡಿಗೆ ಸುಮಾರು 70 ಘನ ಮೀಟರ್, ಅಂದರೆ ಹತ್ತು ಹನ್ನೊಂದು ಟಿಪ್ಪರ್. ಮೋಸ ಹೋಗುವುದು ಇಲ್ಲೇ. ಊರಿನಲ್ಲಿ ಕೆಮ್ಮಣ್ಣು ಎಂದು ಮಾರುವುದರಲ್ಲಿ ಬಹುಪಾಲು ಬೇಸ್‌ಮೆಂಟ್ ಅಗೆದಾಗ ಹದಿನೈದು ಇಪ್ಪತ್ತು ಅಡಿ ಕೆಳಗಿನಿಂದ ಬಂದದ್ದು. ನೋಡಲು ಕುಂಕುಮದ ಹಾಗಿರುತ್ತದೆ, ಜೀವ ಇರುವುದಿಲ್ಲ. ಒಂದು ಮಳೆಗೆ ಮೇಲೆ ಹೆಪ್ಪುಗಟ್ಟಿ, ಹರಿವೆಯ ಸಣ್ಣ ಮೊಳಕೆ ಆ ಪದರ ಒಡೆಯಲಾರದೆ ಒಳಗೇ ಸಾಯುತ್ತದೆ. ಒಳ್ಳೆಯ ಮೇಲ್ಮಣ್ಣಿನಲ್ಲಿ ಬೇರಿನ ಎಳೆಗಳು, ಎರೆಹುಳದ ಹಿಕ್ಕೆ ಕಾಣುತ್ತವೆ. ಅಡಿಮಣ್ಣಿನಲ್ಲಿ ಬಿಳಿ, ಹಳದಿ ಮೊರಂ ಚೂರುಗಳಿರುತ್ತವೆ. ಕೆರೆಗೋಡು ತರಿಸುತ್ತೇವೆ ಎಂದರೂ ಬೇಡ ಅನ್ನಿ. ಹಳ್ಳಿಯ ಕೆರೆಗೋಡು ಚಿನ್ನ, ಚರಂಡಿ ಸೇರುವ ನಗರದ ಕೆರೆಯ ಗೋಡು ಹಾಗಲ್ಲ. ಅಡಿಮಣ್ಣೇ ಗತಿಯಾದರೆ ಮೊದಲ ಬೆಳೆಯಾಗಿ ಸೆಣಬು ಅಥವಾ ಅಲಸಂದೆ ಒತ್ತಾಗಿ ಚೆಲ್ಲಿ, 45 ದಿನಕ್ಕೆ ಹೂ ಬರುವ ಹೊತ್ತಿಗೆ ಕತ್ತರಿಸಿ ಮಣ್ಣಿಗೆ ಸೇರಿಸಿ, ಎರಡು ವಾರ ಕೊಳೆಯಲು ಬಿಡಬೇಕು. ಮಡಿಯೊಂದಕ್ಕೆ ನಾಲ್ಕು ಬುಟ್ಟಿ ಕೊಟ್ಟಿಗೆ ಗೊಬ್ಬರ. ಈ ಎರಡು ತಿಂಗಳು ಬುಟ್ಟಿಗೆ ಏನೂ ಸಿಗುವುದಿಲ್ಲ, ಮನೆಗಳನ್ನು ಸೇರಿಸಿಕೊಳ್ಳುವ ಕೆಲಸ ಆಗಲೇ ಮಾಡಿಕೊಳ್ಳಬಹುದು.

ಗೊಬ್ಬರದ ಲೆಕ್ಕ ಹಲವರಿಗೆ ಕಹಿಯಾಗಿ ಕಾಣುತ್ತದೆ. ಮನೆಗಳ ಹಸಿ ಕಸದಿಂದಲೇ ತೋಟ ನಡೆಯುತ್ತದೆ ಎಂಬ ಮಾತು ಎಲ್ಲೆಡೆ ಇದೆ. ತೂಗಿ ನೋಡೋಣ. ಬೇಯಿಸಿದ ಅನ್ನ ಸಾರು ಬಿಟ್ಟು ಬರೀ ತರಕಾರಿ ಸಿಪ್ಪೆ ತೆಗೆದುಕೊಂಡರೆ ಮನೆಗೆ ದಿನಕ್ಕೆ 300 ಗ್ರಾಂ. ನಲವತ್ತು ಮನೆಯಿಂದ ವಾರಕ್ಕೆ 84 ಕೆ.ಜಿ., ವರ್ಷಕ್ಕೆ ನಾಲ್ಕು ಟನ್ನಿನ ಮೇಲೆ. ಕೊಳೆತು ಗೊಬ್ಬರವಾದಾಗ, ಒಣ ಎಲೆ ಸೇರಿಸಿಯೂ, ಒಂದೂವರೆ ಟನ್ ಉಳಿದರೆ ಹೆಚ್ಚು. ನಮಗೆ ಬೇಕಾದದ್ದು ಒಂದು ಮಡಿಗೆ ಒಂದು ಬೆಳೆಗೆ 12 ಕೆ.ಜಿ., ವರ್ಷಕ್ಕೆ ಎಂಟು ಬೆಳೆ, 48 ಮಡಿ: ನಾಲ್ಕೂವರೆ ಟನ್ನಿಗಿಂತ ತುಸು ಹೆಚ್ಚು. ಮೂರನೇ ಒಂದು ಪಾಲು ಮಾತ್ರ ಬಡಾವಣೆಯಿಂದ ಬರುತ್ತದೆ, ಉಳಿದದ್ದಕ್ಕೆ ಹಳೆಯ ಕೊಟ್ಟಿಗೆ ಗೊಬ್ಬರ ಕೊಳ್ಳಲೇಬೇಕು. ಆದರೂ ಸಿಪ್ಪೆ ತರುವುದನ್ನು ನಾವು ಬಿಡುವುದಿಲ್ಲ. ತಾವು ಕೊಟ್ಟ ಸಿಪ್ಪೆ ಮಣ್ಣಾಗಿ, ಆ ಮಣ್ಣಿನಲ್ಲಿ ಸೊಪ್ಪು ಬಂದುದನ್ನು ನೋಡಿದ ಮನೆಯವರು ಎಲೆಯಲ್ಲಿ ಒಂದು ತೂತು ಕಂಡರೆ ಗಾಬರಿಯಾಗುವುದಿಲ್ಲ.

ಗುಡ್ಡೆ ಕನಿಷ್ಠ ಒಂದು ಮೀಟರ್ ಉದ್ದ, ಅಗಲ, ಎತ್ತರ ಇರಬೇಕು. ಅದಕ್ಕಿಂತ ಚಿಕ್ಕದು ಕಾಯುವುದಿಲ್ಲ. ಒಂದು ಬಕೆಟ್ ಸಿಪ್ಪೆಗೆ ಮೂರು ಬಕೆಟ್ ಒಣ ಎಲೆ. ಒಳಗಿನ ಬಿಸಿ 55 ಡಿಗ್ರಿ ದಾಟಿ ಮೂರು ದಿನ ನಿಂತರೆ ಟೊಮೆಟೊ ಬೀಜ, ಕಳೆ ಬೀಜ, ರೋಗಾಣು ಸಾಯುತ್ತವೆ. ಉದ್ದದ ಕಬ್ಬಿಣದ ಸರಳು ಚುಚ್ಚಿ ಐದು ನಿಮಿಷ ಬಿಟ್ಟು ತೆಗೆದರೆ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ ಇರಬೇಕು. ಕೆಟ್ಟ ವಾಸನೆ ಬಂದರೆ ನೀರು ಹೆಚ್ಚಾಗಿದೆ, ಎಲೆ ಸೇರಿಸಿ ತಿರುವಿ ಹಾಕಿ. ಬಿಸಿಯೇ ಏರದಿದ್ದರೆ ಒಣಗಿದೆ ಅಥವಾ ಎಲೆ ಹೆಚ್ಚಾಗಿದೆ. ಎಲೆ ಉದುರುವುದು ಜನವರಿಯಿಂದ ಮಾರ್ಚ್‌ವರೆಗೆ. ಆ ಮೂರು ತಿಂಗಳಲ್ಲಿ ರಸ್ತೆಯ ಎಲೆ ಗೋಣಿಚೀಲದಲ್ಲಿ ತುಂಬಿಟ್ಟುಕೊಳ್ಳದಿದ್ದರೆ ಆಗಸ್ಟಿನಲ್ಲಿ ಗುಡ್ಡೆ ನಾರುವುದು ಖಂಡಿತ, ಅಕ್ಕಪಕ್ಕದವರ ದೂರು ಬರುವುದೂ ಖಂಡಿತ. ಸಿಪ್ಪೆಯಲ್ಲಿ ಹಾಲಿನ ಪ್ಯಾಕೆಟ್ಟಿನ ಮೂಲೆ, ರಬ್ಬರ್ ಬ್ಯಾಂಡ್, ಬ್ಲೇಡು ಬರುತ್ತವೆ. ತಟ್ಟೆಯಲ್ಲಿ ಹರಡಿ ಕೈಗವಸು ಹಾಕಿಕೊಂಡೇ ಆರಿಸಬೇಕು. ಎಲ್ಲಕ್ಕಿಂತ ಮುಖ್ಯ, ಸೊಪ್ಪು ಹಂಚಿದ ಗಾಡಿಯಲ್ಲಿ ಸಿಪ್ಪೆ ವಾಪಸ್ ತರಬಾರದು. ಅದಕ್ಕೆ ಬೇರೆ ಡ್ರಮ್ಮು, ಬೇರೆ ಹೊತ್ತು.

ನೀರಿನ ವಿಷಯದಲ್ಲಿ ನಾವು ಬಲು ಕಟ್ಟುನಿಟ್ಟು. ಚರಂಡಿ, ರಾಜಕಾಲುವೆ ನೀರು ಒಂದು ಹನಿಯೂ ಬೇಡ. ಹಾಗೆ ಬೆಳೆದ ಸೊಪ್ಪು ದಟ್ಟ ಹಸಿರಾಗಿ, ಕೊಬ್ಬಿ ಬರುತ್ತದೆ. ಕ್ಯಾಡ್ಮಿಯಂ, ಸೀಸದಂಥವು ಕಾಯಿಗಿಂತ ಎಲೆಯಲ್ಲೇ ಹೆಚ್ಚು ಸೇರಿಕೊಳ್ಳುತ್ತವೆ, ತೊಳೆದರೆ ಹೋಗುವುದಿಲ್ಲ. ಅಪಾರ್ಟ್‌ಮೆಂಟಿನ ಶುದ್ಧೀಕರಿಸಿದ ನೀರು ಸುಲಭವಾಗಿ ಸಿಗುತ್ತದೆ. ಅದನ್ನು ಬೇಲಿಯ ನುಗ್ಗೆಗೆ, ಬಾಳೆಗೆ ಬುಡದಲ್ಲಿ ಮಾತ್ರ ಬಿಡುತ್ತೇವೆ. ಹಸಿಯಾಗಿ ತಿನ್ನುವ ಕೊತ್ತಂಬರಿ ಮಡಿಗೆ ಇಲ್ಲ. ನಲ್ಲಿ ನೀರನ್ನು ನೆಚ್ಚುವಂತಿಲ್ಲ. 2024ರ ಮಾರ್ಚ್‌ನಲ್ಲಿ ಬರ ಬಂದಾಗ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಮಾಡಿತು, ಅದು ನ್ಯಾಯವೇ. ಉಳಿದದ್ದು ಬೋರ್‌ವೆಲ್ ಮತ್ತು ಮಳೆ. ಪಕ್ಕದ ಮನೆಯ 100 ಚದರ ಮೀಟರ್ ತಾರಸಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ 800 ಲೀಟರಿಗೆ ಮೋಸವಿಲ್ಲ. ಎರಡು ತಾರಸಿಯವರು ಪೈಪು ಬಿಡಲು ಒಪ್ಪಿದರೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಬೋರ್ ಅಷ್ಟಾಗಿ ಓಡಿಸಬೇಕಿಲ್ಲ.

ದಿನಕ್ಕೆ 5 ಮಿ.ಮೀ. ನೀರು ಎಂದರೆ ಮಡಿಯೊಂದಕ್ಕೆ 48 ಲೀಟರ್, ಇಡೀ ತೋಟಕ್ಕೆ 2,300. ಒಂದು ಮಡಿಗೆ ಮೂರು ಸಾಲು 16 ಮಿ.ಮೀ. ಇನ್‌ಲೈನ್ ಡ್ರಿಪ್, 30 ಸೆಂ.ಮೀ.ಗೊಂದು ತೂತು, ತೂತಿಗೆ ಗಂಟೆಗೆ ಎರಡು ಲೀಟರ್. ಒಟ್ಟು ಎಂಬತ್ತು ತೂತು, ಗಂಟೆಗೆ 160 ಲೀಟರ್. ಹಾಗಾಗಿ ಹದಿನೆಂಟು ನಿಮಿಷ ಬಿಟ್ಟರೆ ದಿನದ ನೀರು ಆಯಿತು. ಅರ್ಧ ಗಂಟೆ ಬಿಟ್ಟರೆ ಹೆಚ್ಚಿನದು ಗೊಬ್ಬರದ ಸಾರವನ್ನು ಹೊತ್ತು ಕೆಳಗಿಳಿಯುತ್ತದೆ. ಆದರೆ ಬಿತ್ತಿದ ಮೊದಲ ಎಂಟು ಹತ್ತು ದಿನ ಡ್ರಿಪ್ ಸಾಲದು, ಮೇಲಿನ ಅರ್ಧ ಇಂಚು ಒಣಗಿ ಬಿಡುತ್ತದೆ. ಸಣ್ಣ ತೂತಿನ ಜಾರಿಯಲ್ಲಿ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ ಚಿಮುಕಿಸಬೇಕು. ಸಂಜೆ ನೀರು ಹಾಕಿದರೆ ರಾತ್ರಿಯಿಡೀ ತೇವ ನಿಂತು ಸಸಿಗಳು ಬುಡದಲ್ಲಿ ಕೊಳೆತು, ಬೆಳಿಗ್ಗೆ ಅಲ್ಲಲ್ಲಿ ಬಟ್ಟಲಗಲ ಮಲಗಿರುತ್ತವೆ. ಬೋರ್ ನೀರಿನ ಗಡಸುತನಕ್ಕೆ ತೂತುಗಳು ಕಟ್ಟಿಕೊಳ್ಳುತ್ತವೆ. ಫಿಲ್ಟರನ್ನು ವಾರಕ್ಕೊಮ್ಮೆ ಬಿಚ್ಚಿ ತೊಳೆದು, ಹದಿನೈದು ದಿನಕ್ಕೊಮ್ಮೆ ಸಾಲಿನ ತುದಿ ತೆರೆದು ನೀರು ಹರಿಯಬಿಟ್ಟರೆ ಮೂರು ವರ್ಷ ಬಾಳಿಕೆ ಬರುತ್ತದೆ.

ಬಿತ್ತನೆಯಲ್ಲಿ ಸೊಪ್ಪು ಸೊಪ್ಪಿಗೂ ಬೇರೆ ಹದ. ಹರಿವೆ ಬೀಜ ಸಾಸಿವೆಗಿಂತ ಸಣ್ಣದು; ಮಡಿಗೆ 25 ಗ್ರಾಂ, ಅದಕ್ಕೆ ಹತ್ತು ಪಾಲು ಒಣ ಮರಳು ಬೆರೆಸಿ, ಅರ್ಧ ಉದ್ದುದ್ದ, ಉಳಿದರ್ಧ ಅಡ್ಡಡ್ಡ ಚೆಲ್ಲಿದರೆ ಸಮನಾಗುತ್ತದೆ. ಮೇಲೆ ಜರಡಿ ಹಿಡಿದ ಗೊಬ್ಬರ ಕಾಲು ಇಂಚು, ಹೆಚ್ಚಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ, ಕೆಂಪಿನ ಅರ್ಕಾ ಅರುಣಿಮಾ ಎರಡೂ ಮತ್ತೆ ಮತ್ತೆ ಚಿಗುರುವ ತಳಿಗಳು. ಕತ್ತರಿಸಿ ಬಿಟ್ಟರೆ ಎರಡನೇ ಕೊಯ್ಲು ಬೇಗ ಬರುತ್ತದೆ. ನಾವು ಮಾತ್ರ ಹೆಚ್ಚಾಗಿ ಕೀಳುವುದೇ. ಬೇರಿನೊಂದಿಗೆ ಕಟ್ಟಿದ ಸೊಪ್ಪು ಮನೆಯಲ್ಲಿ ನೀರಿನ ಪಾತ್ರೆಯಲ್ಲಿ ನಿಂತರೆ ಮರುದಿನವೂ ಬಾಡುವುದಿಲ್ಲ, ಮಡಿಯೂ ಒಂದೇ ಸಲಕ್ಕೆ ಖಾಲಿಯಾಗಿ ಲೆಕ್ಕಕ್ಕೆ ಸಿಗುತ್ತದೆ.

ಮೆಂತ್ಯಕ್ಕೆ ಮಡಿಗೆ 90 ಗ್ರಾಂ, ರಾತ್ರಿ ನೆನೆಹಾಕಿ ಬೆಳಿಗ್ಗೆ ಬಿತ್ತನೆ. ಚೆಲ್ಲಿದ ತಕ್ಷಣ ಬಲೆ ಹಾಕದಿದ್ದರೆ ಪಾರಿವಾಳಗಳು ಹೆಕ್ಕಿ ಮುಗಿಸುತ್ತವೆ. ಹೊಸದಾಗಿ ಸಡಿಲಿಸಿದ ಮಣ್ಣನ್ನು ಬೆಕ್ಕುಗಳೂ ಕೆದಕುತ್ತವೆ, ಬಲೆ ಅದಕ್ಕೂ ತಡೆ. ಕೊತ್ತಂಬರಿ ಕಾಳನ್ನು ಇಡಿಯಾಗಿ ಬಿತ್ತಬಾರದು. ಒಂದು ಕಾಳಿನೊಳಗೆ ಎರಡು ಬೀಜ ಇರುತ್ತವೆ. ಗೋಣಿಯ ಮೇಲೆ ಹರಡಿ ಚಪ್ಪಲಿಯ ಅಟ್ಟೆಯಲ್ಲೋ ಮರದ ಹಲಗೆಯಲ್ಲೋ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ಹತ್ತು ಗಂಟೆ ನೆನೆಸಿ, ನೀರು ಬಸಿದು, ನೆರಳಲ್ಲಿ ಆರಿಸಿ ಬಿತ್ತಬೇಕು. ಅರ್ಧ ಮಡಿಗೆ 35 ಗ್ರಾಂ. ಕಿರಾಣಿ ಅಂಗಡಿಯ ಧನಿಯಾ ಮೊಳೆಯುವುದೂ ಉಂಟು, ಮೊಳೆಯದಿರುವುದೂ ಉಂಟು. ನೂರು ಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಹತ್ತು ದಿನ ನೋಡದೆ ಮಡಿಗೆ ಹಾಕಬೇಡಿ. ಮಾರ್ಚ್ ಕೊನೆಯಿಂದ ಮೇವರೆಗೆ ಕೊತ್ತಂಬರಿ ಅಂಗೈಯಗಲ ಬೆಳೆಯುವ ಮೊದಲೇ ಹೂದಂಟು ಎತ್ತುತ್ತದೆ. 35 ಪ್ರತಿಶತದ ನೆರಳು ಬಲೆ ಕೆಳಗೆ, ಮಣ್ಣಿನ ಮೇಲೆ ತೆಳುವಾಗಿ ಹುಲ್ಲು ಮುಚ್ಚಿಗೆ ಹಾಕಿ ಒಂದಷ್ಟು ಉಳಿಸಿಕೊಳ್ಳಬಹುದು. 50 ಪ್ರತಿಶತದ ಬಲೆ ಸುಲಭವಾಗಿ ಸಿಗುತ್ತದೆಂದು ತಂದರೆ ಸೊಪ್ಪು ಬಿಳಿಚಿ, ಘಮವೇ ಇರುವುದಿಲ್ಲ. ಆ ಎರಡು ತಿಂಗಳು ಕೊತ್ತಂಬರಿ ಹಿಡಿಯನ್ನು ಅರ್ಧಕ್ಕಿಳಿಸಿ, ಜೊತೆಗೆ ಪುದೀನ ಕೊಡುತ್ತೇವೆ. ಮುಂಚೆಯೇ ಹೇಳಿಟ್ಟರೆ ಯಾರೂ ಬೇಸರಿಸುವುದಿಲ್ಲ.

ಈ 28 ದಿನದ ಲೆಕ್ಕ ವರ್ಷವಿಡೀ ಒಂದೇ ಅಲ್ಲ, ಹೊಸಬರು ಕೈಸೋಲುವುದು ಇಲ್ಲಿ. ಡಿಸೆಂಬರ್, ಜನವರಿಯ ಚಳಿಗೆ ಅದೇ ಹರಿವೆ 35 ದಿನ ಎಳೆಯುತ್ತದೆ. ಏಳು ದಿನ ಜಾರಿತೆಂದರೆ ನಡುವೆ ಎರಡು ಹಂಚಿಕೆ ಖಾಲಿ. ಹಾಗಾಗಿ ನವೆಂಬರ್ ಮಧ್ಯದಲ್ಲಿ ಮಾಮೂಲಿಗಿಂತ ಎರಡು ಮಡಿ ಹೆಚ್ಚಿಗೆ ಬಿತ್ತಬೇಕು. ಅದಕ್ಕೆಂದೇ ಹಸಿರೆಲೆ ಗೊಬ್ಬರದ ಎರಡು ಮಡಿಗಳನ್ನು ಆ ಹೊತ್ತಿಗೆ ಬಿಡಿಸಿಟ್ಟುಕೊಳ್ಳುತ್ತೇವೆ. ಫೆಬ್ರುವರಿ ಕೊನೆಗೆ ಬಿಸಿಲೇರಿದಾಗ ಇದು ತಿರುವುಮುರುವು, ಮೂರು ಮಡಿ ಒಟ್ಟಿಗೆ ಕೊಯ್ಲಿಗೆ ಬಂದು ಕೂರುತ್ತವೆ. ಆಗ ಕಾಯುವುದು ತಪ್ಪು. ದಂಟು ಬಲಿತ ಹರಿವೆಯನ್ನು ಸೊಪ್ಪೆಂದು ಕೊಡುವುದಕ್ಕಿಂತ ಎಳೆಯದನ್ನೇ ಕಿತ್ತು ಕಟ್ಟು ದಪ್ಪ ಮಾಡಿ ಕೊಡುವುದು ಮೇಲು. ಉಳಿದದ್ದಕ್ಕೆ ಹತ್ತಿರದ ಅಂಗನವಾಡಿ ಇದೆ.

ಮಳೆಗಾಲದ ಶತ್ರು ಹುಳಕ್ಕಿಂತ ಮಣ್ಣಿನ ಹನಿ. ಬಿರುಮಳೆ ಬಿದ್ದಾಗ ಮಣ್ಣು ಸಿಡಿದು ಎಲೆಯ ಅಡಿಗೆ ಅಂಟಿ, ಅಲ್ಲಿಂದ ಪಾಲಕ್ಕಿಗೆ ಚುಕ್ಕೆರೋಗ, ಹರಿವೆಗೆ ಬಿಳಿ ತುಕ್ಕು ಹತ್ತುತ್ತದೆ. ಎಲೆಯ ಮೇಲೆ ಹಳದಿ ಮಚ್ಚೆ ಕಂಡರೆ ತಿರುವಿ ನೋಡಿ, ಅಡಿಯಲ್ಲಿ ಸುಣ್ಣ ಚಿಮುಕಿಸಿದಂತೆ ಬೊಬ್ಬೆಗಳಿರುತ್ತವೆ. ಔಷಧಿ ಹೊಡೆದು ಉಳಿಸುವ ಹೊತ್ತು ಅದಲ್ಲ. ಆ ಭಾಗ ಕಿತ್ತು ಹೊರಗೆ ಹಾಕಿ, ಮುಂದಿನ ಬಿತ್ತನೆಯನ್ನು ಸಾಲಿನಲ್ಲಿ ತೆಳುವಾಗಿ ಮಾಡಿ, ಸಾಲುಗಳ ನಡುವೆ ಹುಲ್ಲು ಹೊದಿಸಬೇಕು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಎಳೆ ಮಡಿಗಳ ಮೇಲೆ ಪೈಪನ್ನು ಬಿಲ್ಲಿನಂತೆ ಬಗ್ಗಿಸಿ ಪಾರದರ್ಶಕ ಹಾಳೆ ಹೊದಿಸುತ್ತೇವೆ, ಬದಿಗಳು ತೆರೆದೇ ಇರಬೇಕು. ಎಲೆ ಸುತ್ತಿ ಬಲೆ ಕಟ್ಟುವ ಹಸಿರು ಹುಳಕ್ಕೆ ಬಿತ್ತಿದ ದಿನವೇ ಹಾಕಿದ 40 ಮೆಶ್ (ಇಂಚಿಗೆ ನಲವತ್ತು ಕಣ್ಣಿನ) ಬಲೆ ಸಾಕು. ಬೇವಿನೆಣ್ಣೆ ಹೊಡೆಯುವುದಾದರೆ ಕೊಯ್ಲಿಗೆ ವಾರ ಮುಂಚೆ ನಿಲ್ಲಿಸದಿದ್ದರೆ ಕಹಿ ಉಳಿಯುತ್ತದೆ. ದೈತ್ಯ ಬಸವನಹುಳು ಬಂತೆಂದರೆ ಮಾತ್ರ ರಾತ್ರಿ ಎಂಟರ ಮೇಲೆ ಟಾರ್ಚು ಹಿಡಿದು ಆರಿಸುವುದಲ್ಲದೆ ಬೇರೆ ದಾರಿಯಿಲ್ಲ. ಒದ್ದೆ ಗೋಣಿಯ ಕೆಳಗೆ ಪಪ್ಪಾಯಿ ಎಲೆ ಇಟ್ಟರೆ ಗುಂಪಾಗಿ ಸೇರುತ್ತವೆ. ಕೈಗವಸಿನಲ್ಲಿ ಹಿಡಿದು ಉಪ್ಪು ನೀರಿಗೆ ಹಾಕಿ. ಬರಿಗೈ ಬೇಡ, ಮಿದುಳಿಗೆ ತಾಗುವ ಪರೋಪಜೀವಿ ಅದರ ಲೋಳೆಯಲ್ಲಿ ಇರಬಹುದು.

ಇಷ್ಟೆಲ್ಲ ಮಾಡಿ ಬೆಳೆದದ್ದನ್ನು ಕೊನೆಯ ಎರಡು ಗಂಟೆಯಲ್ಲಿ ಕೆಡಿಸಿಕೊಳ್ಳುವುದು ಬಲು ಸುಲಭ. ಸೊಪ್ಪನ್ನು ಕೀಳಬೇಕಾದ್ದು ಬಿಸಿಲು ತಾಗುವ ಮುಂಚೆ. ರಾತ್ರಿ ಕುಡಿದ ನೀರು ಎಲೆಯಲ್ಲಿ ತುಂಬಿ, ಮುರಿದರೆ ಟಕ್ ಎನ್ನಬೇಕು. ಒಂಬತ್ತು ಗಂಟೆಗೆ ಕಿತ್ತ ಸೊಪ್ಪು ಆಗಲೇ ಬಿಸಿಯಾಗಿರುತ್ತದೆ, ರಾಶಿ ಹಾಕಿದರೆ ಒಳಗೊಳಗೇ ಬೇಯುತ್ತದೆ. ಮೇ ತಿಂಗಳಲ್ಲಿ ಆರಕ್ಕೆ ಮುಂಚೆಯೇ ಸೂರ್ಯೋದಯ, ಐದೂಕಾಲಿಗೆ ಶುರುಮಾಡಿದರೆ ಮೂವರು ಸೇರಿ ಆರೂ ಮುಕ್ಕಾಲಿಗೆ ಮುಗಿಸುತ್ತಾರೆ. ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಆರೂ ಮುಕ್ಕಾಲಿಗೆ. ತಲೆದೀಪ ಕಟ್ಟಿಕೊಂಡು ಕಿತ್ತರೆ ಹುಳ, ಮಚ್ಚೆ, ಕಳೆ ಎಲ್ಲ ಕಟ್ಟಿನೊಳಗೇ ಹೋಗುತ್ತವೆ. ಆ ತಿಂಗಳು ಹಿಂದಿನ ಸಂಜೆ ಐದೂವರೆಗೆ ಕಿತ್ತು, ಗಾಳಿಯಾಡುವ ಕ್ರೇಟಿನಲ್ಲಿ ನೆಟ್ಟಗೆ ನಿಲ್ಲಿಸಿ, ಒದ್ದೆ ಹತ್ತಿ ಬಟ್ಟೆ ಹೊದಿಸಿ ಹೊರಗಿಟ್ಟರೆ ರಾತ್ರಿಯ ತಂಪೇ ಕಾಪಾಡುತ್ತದೆ. ಬೆಂಡೆ, ಬದನೆ ಯಾವ ಕಾಲದಲ್ಲೂ ಹಿಂದಿನ ಸಂಜೆಯದೇ.

ತೊಳೆಯುವುದರಲ್ಲಿ ಹಲವರು ಎಡವುತ್ತಾರೆ. ಹರಿವೆ, ಮೂಲಂಗಿಯ ಬೇರನ್ನು ಮೊದಲ ತೊಟ್ಟಿಯಲ್ಲಿ ಜಾಲಾಡಿ, ಎರಡನೆಯದರಲ್ಲಿ ಕುಡಿಯುವ ನೀರಲ್ಲಿ ಅದ್ದಿ, ತಂತಿಯ ಮೇಜಿನ ಮೇಲೆ ಇಪ್ಪತ್ತು ನಿಮಿಷ ಬಸಿಯಲು ಬಿಡುತ್ತೇವೆ. ಮೊದಲ ತೊಟ್ಟಿಯ ನೀರು ಕೆಂಪಾದರೆ ಅದನ್ನು ಬೇಲಿಗೆ ಬಿಟ್ಟು ಹೊಸದು ತುಂಬಬೇಕು. ಒಂದೇ ನೀರಲ್ಲಿ ಎಲ್ಲವನ್ನೂ ತೊಳೆದರೆ ಒಂದು ಕಟ್ಟಿನ ಕೊಳಕು ನಲವತ್ತು ಮನೆಗೂ ಹಂಚಿದಂತೆ. ಮೆಂತ್ಯ, ಕೊತ್ತಂಬರಿಯ ಎಲೆಗೆ ನೀರು ತಾಗಿಸುವುದೇ ಇಲ್ಲ. ಬೇರು ಮಾತ್ರ ಅದ್ದಿ ಮಣ್ಣು ಬಿಡಿಸುತ್ತೇವೆ. ನೀರು ಚಿಮುಕಿಸಿದ ಕೊತ್ತಂಬರಿ ಗಾಡಿಯಲ್ಲಿ ಫಳಫಳ ಹೊಳೆಯುತ್ತದೆ, ಮರುದಿನ ಫ್ರಿಜ್ಜಿನಲ್ಲಿ ಕಪ್ಪಾಗಿ ಅಂಟಾಗುತ್ತದೆ. ಕಟ್ಟಲು ಬಾಳೆನಾರು. ರಬ್ಬರ್ ಬ್ಯಾಂಡ್ ದಂಟನ್ನು ಕತ್ತರಿಸುತ್ತದೆ, ಮತ್ತೆ ಅದೇ ನಮ್ಮ ಗೊಬ್ಬರಕ್ಕೆ ವಾಪಸು ಬರುತ್ತದೆ.

ಎರಡು ತಳ್ಳುಗಾಡಿ, ಗಾಡಿಗೆ ಇಪ್ಪತ್ತು ಮನೆ, ಮನೆಗೆ ನಾಲ್ಕು ನಿಮಿಷ. ಏಳಕ್ಕೆ ಹೊರಟರೆ ಎಂಟೂ ಇಪ್ಪತ್ತಕ್ಕೆ ಮುಗಿಯುತ್ತದೆ. ನಮ್ಮ ಹರವು ಇಷ್ಟೇ, ಒಂದೂವರೆ ಕಿಲೋಮೀಟರ್. ಅದರಾಚೆಯವರು ಕೇಳುತ್ತಾರೆ, ಗಾಡಿ ಹತ್ತು ಗಂಟೆಯ ಬಿಸಿಲಲ್ಲಿ ನಿಂತರೆ ಮಾರುಕಟ್ಟೆಯ ಸೊಪ್ಪಿಗೂ ನಮ್ಮದಕ್ಕೂ ವ್ಯತ್ಯಾಸವೇ ಉಳಿಯದ ಕಾರಣ ಒಪ್ಪಿಕೊಳ್ಳುವುದಿಲ್ಲ. ದೂರದಲ್ಲಿ ಬೇಡಿಕೆ ಇದ್ದರೆ ಅಲ್ಲೇ ಇನ್ನೊಂದು ಹತ್ತು ಗುಂಟೆ ಹುಡುಕುವುದು ಸರಿಯಾದ ದಾರಿ. ಈ ಊರು ಹಿಂದೆ ಹೀಗೇ ಉಂಡಿತ್ತು. ಈಗ ಕಂಠೀರವ ಕ್ರೀಡಾಂಗಣ ಇರುವ ಕಡೆ ಸಂಪಂಗಿ ಕೆರೆ ಇದ್ದಾಗ ಅದರ ಸುತ್ತ ತೋಟಗಾರಿಕೆಯೇ ಕಸುಬಾದ ತಿಗಳರ ತೋಟಗಳಿದ್ದವು. ಸೊಪ್ಪು ತರಕಾರಿ ಪೇಟೆಗೆ ಬುಟ್ಟಿಯಲ್ಲಿ ನಡೆದುಕೊಂಡೇ ಹೋಗುತ್ತಿತ್ತು.

ಸೋಸಿ ಕೊಡಿ ಎನ್ನುವ ಮನೆಗಳು ಹೆಚ್ಚುತ್ತಿವೆ. ಇಬ್ಬರೂ ದುಡಿಯುವ ಮನೆಯಲ್ಲಿ ಬೆಳಿಗ್ಗೆ ಸೊಪ್ಪು ಬಿಡಿಸುತ್ತ ಕೂರಲು ಹೊತ್ತಿಲ್ಲ ಎಂಬುದು ನಿಜ. ಆದರೆ ದಂಟಿನಿಂದ ಬಿಡಿಸಿದ ಎಲೆ ಅದೇ ದಿನ ಬಾಣಲೆಗೆ ಬೀಳಬೇಕು. ಶನಿವಾರದ ಹಂಚಿಕೆಯಲ್ಲಿ ಮಾತ್ರ, ಹಿಂದಿನ ದಿನವೇ ಹೇಳಿದವರಿಗೆ, ಮುಚ್ಚಳದ ಡಬ್ಬಿಯಲ್ಲಿ ಕೊಡುತ್ತೇವೆ, ಡಬ್ಬಿ ಅವರದೇ. ಹಣ ತಿಂಗಳ ಮುಂಗಡ, ಸೊಪ್ಪು ತೂಕದ ಮೇಲೆ. ಕಟ್ಟಿನ ಲೆಕ್ಕದಲ್ಲಿ ಕೊಟ್ಟರೆ ಕಟ್ಟು ವಾರ ವಾರಕ್ಕೂ ಸಣ್ಣದಾಯಿತೆಂಬ ಅನುಮಾನ ಬರುತ್ತದೆ. ಗಾಡಿಯಲ್ಲೊಂದು ತಕ್ಕಡಿ ಇದ್ದರೆ ಆ ಮಾತೇ ಏಳುವುದಿಲ್ಲ. ಬೋರ್ಡಿನ ಮೇಲೆ ಸಾವಯವ ಎಂದು ನಾವು ಬರೆಯುವುದಿಲ್ಲ. ಪ್ರಮಾಣಪತ್ರ ಮಾಡಿಸುವುದಾದರೆ, ಬೆಳೆಗಾರರೇ ಒಬ್ಬರನ್ನೊಬ್ಬರು ಪರಿಶೀಲಿಸುವ ಪಿ.ಜಿ.ಎಸ್. ಪದ್ಧತಿಯಲ್ಲೂ ಕನಿಷ್ಠ ಐವರು ಬೆಳೆಗಾರರ ಗುಂಪು ಬೇಕು. ಏನು ಹಾಕಿದ್ದೇವೆ, ಎಂದು ಹಾಕಿದ್ದೇವೆ ಎಂಬ ಪಟ್ಟಿ ಪ್ರತಿ ಮಡಿಯ ತಲೆಗೆ ತಗುಲಿಹಾಕಿರುತ್ತದೆ, ಯಾರು ಬೇಕಾದರೂ ಬಂದು ಓದಬಹುದು.

ಗಾಡಿ ಖಾಲಿಯಾಗಿ ಮರಳುವ ಹೊತ್ತಿಗೆ ತೋಟದಲ್ಲಿ ಉಳಿದವರು ಅಂದು ಕಿತ್ತ ಮಡಿಯ ಬೇರು, ಕಳೆ ಆರಿಸಿ ಮುಗಿಸಿರುತ್ತಾರೆ. ಅದಕ್ಕೆ 12 ಕೆ.ಜಿ. ಗೊಬ್ಬರ, ಕಾಲು ಕೆ.ಜಿ. ಬೇವಿನ ಹಿಂಡಿ ಹರಡಿ, ನಾಲ್ಕು ಬೆರಳು ಆಳ ಸಡಿಲಿಸಿ, ಹಲಗೆ ಎಳೆದು ಸಮ ಮಾಡಿ, ನೀರು ಕೊಟ್ಟು ಮೂರು ದಿನ ಬಿಡಬೇಕು. ಅಷ್ಟರಲ್ಲಿ ಅಡಗಿದ್ದ ಕಳೆ ಮೊಳೆತು ಮೇಲೇಳುತ್ತದೆ, ಕೆರೆದು ತೆಗೆದರೆ ಮುಂದಿನ ಒಂದು ತಿಂಗಳು ಕೈ ಹಗುರ. ಬುಧವಾರ ಹರಿವೆ ಕಿತ್ತ ಮಡಿಗೆ ಶನಿವಾರ ಮೆಂತ್ಯ. ಹರಿವೆಯ ಮೇಲೆ ಹರಿವೆ ಹಾಕುವುದಿಲ್ಲ. ಆ ದಿನ ಹರಿವೆಯ ಸರದಿ ಮೂಲಂಗಿ ತೆಗೆದ ಮಡಿಗೆ. ಮರಳಿನಲ್ಲಿ ಬೆರೆಸಿದ 25 ಗ್ರಾಂ ಬೀಜ ಬಟ್ಟಲಲ್ಲಿ ಸಿದ್ಧವಾಗಿರುತ್ತದೆ, ಗುರುತುಕಡ್ಡಿಯ ಮೇಲೆ ಬಿತ್ತಿದ ದಿನದ ಪಕ್ಕದಲ್ಲೇ ಅದು ಬುಟ್ಟಿಗೆ ಬರಬೇಕಾದ ಶನಿವಾರದ ತಾರೀಕನ್ನೂ ಬರೆಯುತ್ತೇವೆ.